ಕನ್ನಡ ಆಕರಗಳಿರುವ ಇಂಗ್ಲಿಷ್ ಲೇಖನದಲ್ಲಿ ಉಲ್ಲೇಖಗಳನ್ನು ಏಕರೂಪವಾಗಿ ಕೊಡುವುದು ಹೇಗೆ?

ಪ್ರಶ್ನೆ: ಇತಿಹಾಸದ ಸಂಶೋಧನಾರ್ಥಿ

ಮಾನ್ಯರೆ,

ಶ್ರವಣಬೆಳಗೊಳದ ನಿಸಿದಿ (ಮಡಿದವರ ಸ್ಮಾರಕ) ಶಾಸನಗಳನ್ನೂ ಸಲ್ಲೇಖನವನ್ನು, ಎಂದರೆ ಜೈನರ ಉಪವಾಸ ಮರಣದ ವ್ರತವನ್ನು, ವರ್ಣಿಸುವ ಹಳಗನ್ನಡ ಕೃತಿಗಳನ್ನೂ ಜೊತೆಗಿಟ್ಟು ನೋಡುವ ಲೇಖನವೊಂದನ್ನು ಇಂಗ್ಲಿಷಿನಲ್ಲಿ ಬರೆದು ಸಂಶೋಧನ ಪತ್ರಿಕೆಯೊಂದಕ್ಕೆ ಕಳುಹಿಸಿದ್ದೆ. ವಿಷಯದ ಬಗ್ಗೆ ಪರಿಶೀಲಕರಿಬ್ಬರೂ ಒಳ್ಳೆಯ ಮಾತನ್ನೇ ಬರೆದಿದ್ದಾರೆ. ಆದರೆ ಉಲ್ಲೇಖಗಳು ಏಕರೂಪವಾಗಿಲ್ಲವೆಂದೂ ಕೆಲವು ಆಕರಗಳನ್ನು ತಾವು ಹುಡುಕಿದರೂ ಸಿಗಲಿಲ್ಲವೆಂದೂ ಹೇಳಿ, ಶಿಕಾಗೊ ಪದ್ಧತಿಯ ಲೇಖಕ–ವರ್ಷ ಕ್ರಮಕ್ಕೆ ಎಲ್ಲವನ್ನೂ ಹೊಂದಿಸಿ ಮತ್ತೆ ಸಲ್ಲಿಸುವಂತೆ ಸಂಪಾದಕರು ಸೂಚಿಸಿದ್ದಾರೆ.

ಇಂಗ್ಲಿಷ್ ಪುಸ್ತಕ ಮತ್ತು ಲೇಖನಗಳ ವಿಷಯದಲ್ಲಿ ನನಗೆ ತೊಡಕಿಲ್ಲ. ಕನ್ನಡದ ಆಕರಗಳಲ್ಲಿ ಮಾತ್ರ ಪ್ರತಿ ಹೆಜ್ಜೆಗೂ ಸಂಶಯ ಬರುತ್ತದೆ. ಶಾಸನವೊಂದಕ್ಕೆ ಲೇಖಕರೆಂದು ಯಾರನ್ನು ಹೇಳಬೇಕು? ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವನ್ನು ಬೇರೆ ಬೇರೆ ವಿದ್ವಾಂಸರು ಬೇರೆ ಬೇರೆ ಸಂಖ್ಯೆಗಳಿಂದ ಉಲ್ಲೇಖಿಸಿರುವುದರಲ್ಲಿ ನಾನು ಯಾವುದನ್ನು ಅನುಸರಿಸಬೇಕು? ‘ವಡ್ಡಾರಾಧನೆ’ಯನ್ನು ಕವಿಯ ಹೆಸರಿನಲ್ಲಿ ಸೇರಿಸಬೇಕೆ, ಸಂಪಾದಕರ ಹೆಸರಿನಲ್ಲಿ ಸೇರಿಸಬೇಕೆ? ಆರ್. ನರಸಿಂಹಾಚಾರ್ ಅವರ ‘ಕರ್ಣಾಟಕ ಕವಿಚರಿತೆ’ಯ ಮರುಮುದ್ರಣ ನನ್ನ ಬಳಿ ಇರುವಾಗ ಅದರ ವರ್ಷವನ್ನು ಕೊಡಬೇಕೆ, ಮೂಲ ಮುದ್ರಣದ ವರ್ಷವನ್ನೆ? ಪುಸ್ತಕದ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬಿಡಬಹುದೆ, ರೋಮನ್ ಲಿಪಿಗೆ ತರಲೇಬೇಕೆ? ಈ ಕೆಲಸ ಮಾಡಿದ ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಶಾಸನ ಅಧ್ಯಯನದ ಅಧ್ಯಾಪಕ

ನಿಮ್ಮ ಪ್ರಶ್ನೆಗಳಲ್ಲಿ ಮೊದಲ ಮೂರಕ್ಕೆ ನಾನು ಉತ್ತರಿಸುತ್ತೇನೆ. ಲಿಪ್ಯಂತರದ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಶಾಸನಕ್ಕೆ ಲೇಖಕರನ್ನು ಹುಡುಕುವ ಅಗತ್ಯವಿಲ್ಲ. ಶಾಸನವನ್ನು ಸಂಪುಟದ ಹೆಸರು, ಸಂಪುಟದ ಸಂಖ್ಯೆ, ಆವೃತ್ತಿ ಮತ್ತು ಶಾಸನದ ಸಂಖ್ಯೆ, ಈ ನಾಲ್ಕರಿಂದ ಗುರುತಿಸುವುದೇ ನಮ್ಮ ಕ್ಷೇತ್ರದ ರೂಢಿ. ಶಿಕಾಗೊ ಕ್ರಮವನ್ನು ಪಾಲಿಸುವ ಪತ್ರಿಕೆಗಳೂ ಇದನ್ನು ಒಪ್ಪುತ್ತವೆ. ಲೇಖನದ ಆರಂಭದಲ್ಲಿಯೋ ಮೊದಲ ಟಿಪ್ಪಣಿಯಲ್ಲಿಯೋ ಸಂಕ್ಷೇಪಗಳ ಪಟ್ಟಿಯೊಂದನ್ನು ಕೊಟ್ಟು, ಎಪಿಗ್ರಾಫಿಯಾ ಕರ್ನಾಟಿಕಕ್ಕೆ ಎರಡಕ್ಷರದ ಸಂಕ್ಷೇಪವನ್ನು ನಿಗದಿ ಮಾಡಿ, ಮುಂದೆ ಲೇಖನದುದ್ದಕ್ಕೂ ಅದನ್ನೇ ಬಳಸಿ. ಗ್ರಂಥಸೂಚಿಯಲ್ಲಿ ಮಾತ್ರ ಆ ಸಂಪುಟದ ಪೂರ್ಣ ವಿವರ ಒಮ್ಮೆ ಬರಬೇಕು.

ಆವೃತ್ತಿಯ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಪರಿಶೀಲಕರಿಗೆ ಆಕರ ಸಿಗಲಿಲ್ಲವೆಂದರೆ ಕಾರಣ ಇದೇ ಇರಬಹುದೆಂದು ನನಗೆ ಅನಿಸುತ್ತದೆ. ಬಿ. ಎಲ್. ರೈಸ್ ಅವರು ಕೊಡಗಿನ ಶಾಸನಗಳ ಸಂಪುಟದಿಂದ ಈ ಮಾಲೆಯನ್ನು 1886ರಲ್ಲಿ ಆರಂಭಿಸಿದರು. ಶ್ರವಣಬೆಳಗೊಳದ ಶಾಸನಗಳಿರುವ ಎರಡನೆಯ ಸಂಪುಟ 1889ರಲ್ಲಿ ಬಂದಾಗ ಅದರಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ ಅವರು ಅದೇ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದಾಗ ಶಾಸನಗಳ ಸಂಖ್ಯೆ 500ಕ್ಕೆ ಏರಿತು, ಹಾಗಾಗಿ ಕ್ರಮಸಂಖ್ಯೆಗಳೂ ಬದಲಾದವು. ಬಳಿಕ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಇಡೀ ಮಾಲೆಯನ್ನು ಹೊಸದಾಗಿ ಪರಿಷ್ಕರಿಸಲು ತೊಡಗಿ, ಈ ಸಂಪುಟವನ್ನು 1973ರಲ್ಲಿ ಹೊರತಂದಿತು. ಅಲ್ಲಿ ಸಂಖ್ಯೆಗಳು ಮತ್ತೊಮ್ಮೆ ಬೇರೆಯಾದವು. ಆದ್ದರಿಂದ ‘ಎರಡನೆಯ ಸಂಪುಟ, ಶಾಸನ 73’ ಎಂದಷ್ಟೇ ಬರೆದರೆ ಓದುಗರು ಮೂರು ಪುಸ್ತಕಗಳಲ್ಲಿ ಮೂರು ಬೇರೆ ಕಲ್ಲುಗಳ ಮುಂದೆ ನಿಲ್ಲುತ್ತಾರೆ. ಹಳೆಯ ಲೇಖನಗಳಲ್ಲಿ ಒಂದು ಸಂಖ್ಯೆಯ ಪಕ್ಕದಲ್ಲಿ ಇನ್ನೊಂದನ್ನು ಆವರಣದಲ್ಲಿ ಕೊಟ್ಟಿರುವುದನ್ನು ನೀವು ನೋಡಿರಬಹುದು. ಆ ಎರಡರಲ್ಲಿ ಯಾವುದು ಯಾವ ಆವೃತ್ತಿಯದು ಎಂಬುದನ್ನು ನೀವೇ ಸಂಪುಟ ತೆರೆದು ಖಚಿತಪಡಿಸಿಕೊಳ್ಳದೆ ನಕಲು ಮಾಡಬೇಡಿ. ನಿಮ್ಮ ಲೇಖನಕ್ಕೆ ಒಂದು ಆವೃತ್ತಿಯನ್ನು ಆರಿಸಿಕೊಂಡು, ಆ ಆಯ್ಕೆಯನ್ನು ಮೊದಲ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಿ. ನಿಮ್ಮ ವಾದಕ್ಕೆ ಆಧಾರವಾದ ಪ್ರಮುಖ ಶಾಸನಗಳಿಗಾದರೂ ಮೂರೂ ಆವೃತ್ತಿಗಳ ಸಂಖ್ಯೆಗಳನ್ನು ಸಣ್ಣ ಕೋಷ್ಟಕದಲ್ಲಿ ಕೊಟ್ಟರೆ ಮುಂದೆ ಈ ವಿಷಯದಲ್ಲಿ ಕೆಲಸ ಮಾಡುವವರಿಗೆ ಬಹಳ ಉಪಕಾರವಾಗುತ್ತದೆ.

ಇತರ ಜಿಲ್ಲೆಗಳ ಶಾಸನಗಳನ್ನೂ ಹೋಲಿಕೆಗೆ ತೆಗೆದುಕೊಂಡಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ರೈಸ್ ಅವರ ಜಿಲ್ಲಾ ಸಂಪುಟಗಳಲ್ಲಿ ಕ್ರಮಸಂಖ್ಯೆಯು ತಾಲ್ಲೂಕಿನಿಂದ ತಾಲ್ಲೂಕಿಗೆ ಹೊಸದಾಗಿ ಆರಂಭವಾಗುವುದರಿಂದ ತಾಲ್ಲೂಕಿನ ಹೆಸರಿಲ್ಲದ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ವರದಿಯ ವರ್ಷ ಒಂದಾದರೆ ಅಚ್ಚಾದ ವರ್ಷ ಇನ್ನೊಂದು. ಹಲ್ಮಿಡಿ ಶಾಸನದ ವಿವರವಿರುವ 1936ರ ವರದಿಯನ್ನು ಉಲ್ಲೇಖಿಸುವಾಗ 1936 ಎಂಬುದು ವರದಿಯ ಹೆಸರಿನ ಭಾಗವಾಗಿ ಬರಬೇಕೇ ಹೊರತು ಪ್ರಕಟಣೆಯ ವರ್ಷವಾಗಿ ಅಲ್ಲ.

‘ವಡ್ಡಾರಾಧನೆ’ಯ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ. ಅದನ್ನು ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಸೇರಿಸುವ ವಾಡಿಕೆ ಇದ್ದರೂ ಕೃತಿಯ ಕರ್ತೃತ್ವವೂ ಹೆಸರೂ ವಿದ್ವಾಂಸರ ನಡುವೆ ಚರ್ಚೆಗೆ ಒಳಗಾಗಿವೆ. ಗ್ರಂಥಸೂಚಿಯಲ್ಲಿ ಕವಿಯ ಹೆಸರನ್ನು ಹಾಕಿದ ಕೂಡಲೇ ನೀವು ಆ ಚರ್ಚೆಯಲ್ಲಿ ಒಂದು ಪಕ್ಷವನ್ನು ವಹಿಸಿದಂತಾಗುತ್ತದೆ. ಆ ಚರ್ಚೆ ನಿಮ್ಮ ಲೇಖನದ ವಿಷಯವಲ್ಲವಾದ್ದರಿಂದ ಕೃತಿಯನ್ನು ಶೀರ್ಷಿಕೆಯ ಅಡಿಯಲ್ಲೇ ಸೇರಿಸಿ, ಅದರ ನಂತರ ಸಂಪಾದಕರಾದ ಡಿ. ಎಲ್. ನರಸಿಂಹಾಚಾರ್ ಅವರ ಹೆಸರನ್ನೂ ನೀವು ಬಳಸಿದ ಮುದ್ರಣದ ವರ್ಷವನ್ನೂ ಕೊಡಿ. ಅವರ ಸಂಪಾದನೆ ಮೊದಲು ಬಂದದ್ದು 1949ರಲ್ಲಿ. ಪಂಪನ ‘ಆದಿಪುರಾಣ’ದಂತಹ ಕಾವ್ಯಗಳನ್ನು ಉಲ್ಲೇಖಿಸುವಾಗ ಪುಟಸಂಖ್ಯೆಗಿಂತ ಆಶ್ವಾಸ (ಅಧ್ಯಾಯ) ಮತ್ತು ಪದ್ಯದ ಸಂಖ್ಯೆಯೇ ಹೆಚ್ಚು ಉಪಯುಕ್ತ, ಏಕೆಂದರೆ ಬೇರೆ ಮುದ್ರಣವನ್ನು ಕೈಯಲ್ಲಿ ಹಿಡಿದ ಓದುಗರೂ ಅದರಿಂದ ಪದ್ಯವನ್ನು ತಲುಪಬಲ್ಲರು. ವಚನಗಳಿಗೆ ಈ ಸೌಲಭ್ಯವಿಲ್ಲ. ಎಸ್. ಎಸ್. ಬಸವನಾಳರು ಸಂಪಾದಿಸಿದ ಬಸವಣ್ಣನವರ ವಚನಗಳ ಆವೃತ್ತಿಯ ಸಂಖ್ಯೆ ಒಂದು, ಕರ್ನಾಟಕ ಸರ್ಕಾರ ಪ್ರಕಟಿಸಿದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ದ ಸಂಖ್ಯೆ ಇನ್ನೊಂದು ಆಗಿರುವುದರಿಂದ, ಅಲ್ಲಿ ಶಾಸನಗಳಂತೆಯೇ ಆವೃತ್ತಿಯನ್ನು ಹೇಳಲೇಬೇಕು.

ಉತ್ತರ: ವಿಶ್ವವಿದ್ಯಾಲಯದ ಗ್ರಂಥಪಾಲಕಿ

ಮೇಲಿನ ಉತ್ತರದಲ್ಲಿ ಇಬ್ಬರು ನರಸಿಂಹಾಚಾರ್ ಬಂದಿರುವುದನ್ನು ಗಮನಿಸಿ. ಲೇಖಕ–ವರ್ಷ ಕ್ರಮದಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಯ ಭಾಗ ಮತ್ತು ವರ್ಷವನ್ನಷ್ಟೇ ಕೊಡುತ್ತೇವೆ. ಆದರೆ ಒಂದೇ ಹೆಸರಿನ ಇಬ್ಬರು ಲೇಖಕರು ಗ್ರಂಥಸೂಚಿಯಲ್ಲಿದ್ದರೆ, ವರ್ಷ ಬೇರೆಯಾಗಿದ್ದರೂ, ಲೇಖನದ ಒಳಗೆ ಇನಿಷಿಯಲ್ ಸೇರಿಸಬೇಕೆಂಬುದು ಶಿಕಾಗೊ ಕೈಪಿಡಿಯ ನಿಯಮ. ಇದರ ಜೊತೆಗೆ ಆರ್. ನರಸಿಂಹಾಚಾರ್ ಅವರ ಹೆಸರು ಇಂಗ್ಲಿಷ್ ಪ್ರಕಟಣೆಗಳಲ್ಲಿ ಒಂದು ರೀತಿಯಲ್ಲಿಯೂ ಕನ್ನಡದಲ್ಲಿ ಕೆಲವೆಡೆ ‘ನರಸಿಂಹಾಚಾರ್ಯ’ ಎಂದೂ ಬರುವುದರಿಂದ, ಒಬ್ಬರೇ ವಿದ್ವಾಂಸರು ಪಟ್ಟಿಯಲ್ಲಿ ಇಬ್ಬರಾಗುವ ಅಪಾಯವಿದೆ. ಒಂದು ರೂಪವನ್ನು ಆರಿಸಿ ಎಲ್ಲ ನಮೂದುಗಳನ್ನೂ ಅದರ ಅಡಿಯಲ್ಲಿ ತನ್ನಿ. ಬಿರುದುಗಳನ್ನೂ ‘ಡಾ.’, ‘ಪ್ರೊ.’ ಎಂಬ ವಿಶೇಷಣಗಳನ್ನೂ ಗ್ರಂಥಸೂಚಿಯಲ್ಲಿ ಬಿಡಬೇಕು. ನಮ್ಮ ಕಡೆ ಹಿರಿಯರ ಹೆಸರನ್ನು ಹಾಗೆ ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಎಲ್ಲ ಲೇಖಕರಿಗೂ ಅನ್ವಯಿಸುವ ಕ್ರಮವಾದ್ದರಿಂದ ಅದರಲ್ಲಿ ಅಗೌರವವೇನೂ ಇಲ್ಲ.

ಕರ್ನಾಟಕದ ಹೆಸರುಗಳಲ್ಲಿ ಮನೆತನದ ಹೆಸರು ಯಾವುದು ಎಂಬುದನ್ನು ಯಂತ್ರಕ್ಕೆ ಬಿಟ್ಟರೆ ಖಂಡಿತ ತಪ್ಪಾಗುತ್ತದೆ. ಉತ್ತರ ಕರ್ನಾಟಕದ ಎಂ. ಎಂ. ಕಲಬುರ್ಗಿ ಅವರ ಹೆಸರಿನಲ್ಲಿ ಕೊನೆಯದು ಮನೆತನದ ಹೆಸರು. ಎಸ್. ಎಲ್. ಭೈರಪ್ಪ ಅವರ ಹೆಸರಿನಲ್ಲಿ ಇನಿಷಿಯಲ್‌ಗಳು ಊರನ್ನೂ ತಂದೆಯನ್ನೂ ಸೂಚಿಸುತ್ತವೆ, ಕೊನೆಯದು ಅವರದೇ ಹೆಸರು. ಎರಡನ್ನೂ ಗ್ರಂಥಸೂಚಿಯಲ್ಲಿ ಕೊನೆಯ ಭಾಗದಿಂದಲೇ ಆರಂಭಿಸಿದರೆ ಸರಿಹೋಗುತ್ತದೆ. ತೊಂದರೆ ಬರುವುದು ಇನಿಷಿಯಲ್ ಹೆಸರಿನ ನಂತರ ಅಚ್ಚಾಗಿರುವ ಕಡೆ, ‘ನಾಗರಾಜ್ ಡಿ. ಆರ್.’ ಎಂದಿದ್ದರೆ ತಂತ್ರಾಂಶವು ‘ಆರ್.’ ಎಂಬುದನ್ನೇ ಮನೆತನದ ಹೆಸರೆಂದು ತಿಳಿದು ಆ ಅಕ್ಷರದ ಅಡಿಯಲ್ಲಿ ಜೋಡಿಸಿಬಿಡುತ್ತದೆ. ಉಲ್ಲೇಖಗಳನ್ನು ಜೋಡಿಸುವ ಝೊಟೆರೊ ತಂತ್ರಾಂಶವನ್ನು ಬಳಸುವವರಾದರೆ ಹೆಸರಿನ ಎರಡು ಅಂಕಣಗಳಲ್ಲಿ ಮೊದಲನೆಯದಕ್ಕೆ ‘ನಾಗರಾಜ್’, ಎರಡನೆಯದಕ್ಕೆ ‘ಡಿ. ಆರ್.’ ಎಂದು ಕೈಯಾರೆ ತುಂಬಿ. ಕುವೆಂಪು, ಶ್ರೀರಂಗ ಮೊದಲಾದ ಕಾವ್ಯನಾಮಗಳಿಗೆ ಒಂದೇ ಅಂಕಣದ ಆಯ್ಕೆಯನ್ನು ಬಳಸಿ. ಶೀರ್ಷಿಕೆ ಪುಟದಲ್ಲಿ ಕಾವ್ಯನಾಮವಿದ್ದರೆ ಅದನ್ನೇ ಮುಂದಿಟ್ಟು ನಿಜನಾಮವನ್ನು ಚೌಕಾವರಣದಲ್ಲಿ ಕೊಡಬಹುದು.

ಇನ್ನು ಲಿಪಿಯ ಪ್ರಶ್ನೆ. ಇಂಗ್ಲಿಷ್ ಪತ್ರಿಕೆಗಾದರೆ ರೋಮನ್ ಲಿಪಿಗೆ ತರುವುದೇ ಲೇಸು. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಉಲ್ಲೇಖ ಪದ್ಧತಿ) ಮತ್ತು ಶಿಕಾಗೊ ಎರಡೂ ಇದನ್ನೇ ಹೇಳುತ್ತವೆ. ಶೀರ್ಷಿಕೆಯ ಲಿಪ್ಯಂತರ ಮೊದಲು, ಅದರ ಪಕ್ಕದಲ್ಲಿ ಚೌಕಾವರಣದೊಳಗೆ ಇಂಗ್ಲಿಷ್ ಅರ್ಥ, ಇದು ಕ್ರಮ. ಅರ್ಥವನ್ನು ಓರೆ ಅಕ್ಷರದಲ್ಲಿ ಕೊಡಬಾರದು, ಲಿಪ್ಯಂತರಗೊಂಡ ಶೀರ್ಷಿಕೆಯನ್ನು ಮಾತ್ರ ಕೊಡಬೇಕು. ಕನ್ನಡದಲ್ಲಿ ದೊಡ್ಡಕ್ಷರಗಳಿಲ್ಲವಾದ್ದರಿಂದ ಶೀರ್ಷಿಕೆಯ ಮೊದಲ ಪದಕ್ಕೂ ಅಂಕಿತನಾಮಗಳಿಗೂ ಮಾತ್ರ ದೊಡ್ಡಕ್ಷರ ಸಾಕು. ಲಿಪ್ಯಂತರಕ್ಕೆ 2001ರಲ್ಲಿ ಪ್ರಕಟವಾದ ಐಎಸ್ಒ 15919 ಎಂಬ ಮಾನಕವನ್ನು ನಾನು ಶಿಫಾರಸು ಮಾಡುತ್ತೇನೆ. ಸಂಸ್ಕೃತಕ್ಕೆಂದು ರೂಪಿಸಿದ ಪದ್ಧತಿಯಲ್ಲಿ ಎ ಮತ್ತು ಒ ಸ್ವರಗಳಿಗೆ ಹ್ರಸ್ವ–ದೀರ್ಘಗಳ ಭೇದವಿಲ್ಲ, ಏಕೆಂದರೆ ಸಂಸ್ಕೃತದಲ್ಲಿ ಅವು ಯಾವಾಗಲೂ ದೀರ್ಘವೇ. ಆದರೆ ನಿಮ್ಮ ಲೇಖನದ ಊರಾದ ಬೆಳಗೊಳದಲ್ಲೇ ಎರಡೂ ಹ್ರಸ್ವ ರೂಪದಲ್ಲಿ ಬರುತ್ತವೆ. ಹೊಸ ಮಾನಕದಲ್ಲಿ ದೀರ್ಘಕ್ಕೆ ಮೇಲೆ ಗೆರೆ ಬರುತ್ತದೆ, ಹ್ರಸ್ವಕ್ಕೆ ಬರುವುದಿಲ್ಲ. ಕನ್ನಡಕ್ಕೆ ನ್ಯಾಯ ಸಲ್ಲುವುದು ಹೀಗೆ. ಯಾವ ಪದ್ಧತಿಯನ್ನು ಆರಿಸಿದರೂ ಒಂದೇ ಟಿಪ್ಪಣಿಯಲ್ಲಿ ಅದನ್ನು ಹೇಳಿ, ಮಧ್ಯದಲ್ಲಿ ಬದಲಿಸಬೇಡಿ.

ಟೈಪು ಮಾಡಿದ ಟಿಪ್ಪಣಿಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಆ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಪತ್ರಿಕೆಯ ಸಲ್ಲಿಕೆ ವ್ಯವಸ್ಥೆಗೆ ಹೋದ ಕೂಡಲೇ ಅದು ಅರ್ಥವಿಲ್ಲದ ಅಕ್ಷರಗಳ ಸಾಲಾಗುತ್ತದೆ, ಅಕಾರಾದಿ ಜೋಡಣೆಯೂ ಕೆಡುತ್ತದೆ. ಕನ್ನಡ ಪತ್ರಿಕೆಗೆ ಬರೆಯುವವರಿಗೂ ಒಂದು ಮಾತು: ಕನ್ನಡ ಶೀರ್ಷಿಕೆಗಳನ್ನು ಓರೆ ಮಾಡಬೇಡಿ. ಬಹುಪಾಲು ಕನ್ನಡ ಫಾಂಟುಗಳಿಗೆ ನಿಜವಾದ ಓರೆ ರೂಪವಿಲ್ಲ, ತಂತ್ರಾಂಶವು ಅಕ್ಷರಗಳನ್ನು ಬಲವಂತವಾಗಿ ವಾಲಿಸುವುದರಿಂದ ಒತ್ತಕ್ಷರಗಳು ಓದಲು ಕಷ್ಟವಾಗುತ್ತವೆ. ಒಂಟಿ ಉದ್ಧರಣ ಚಿಹ್ನೆ ಸಾಕು.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಾಸನಗಳಿಗೆ 1973ರ ಆವೃತ್ತಿಯನ್ನೇ ಆಧಾರವಾಗಿಟ್ಟುಕೊಂಡು ಕೋಷ್ಟಕವನ್ನೂ ಸೇರಿಸಲು ನಿರ್ಧರಿಸಿದ್ದೇನೆ. ಉಳಿದಿರುವ ಸಂಶಯಗಳು ಇವು. ‘ಕವಿಚರಿತೆ’ಯ ವರ್ಷದ ಪ್ರಶ್ನೆಗೆ ಉತ್ತರ ಇನ್ನೂ ಬೇಕಾಗಿದೆ. ಭಾರತದ ಸಂಶೋಧನ ಪ್ರಬಂಧಗಳ ಜಾಲಸಂಗ್ರಹವಾದ ಶೋಧಗಂಗಾದಲ್ಲಿ ಸಿಕ್ಕಿದ ಪಿಎಚ್‌ಡಿ ಪ್ರಬಂಧವೊಂದನ್ನೂ ಅಂತರ್ಜಾಲದಲ್ಲಿ ಸ್ಕ್ಯಾನ್ ರೂಪದಲ್ಲಿ ಸಿಕ್ಕಿದ ಕೆಲವು ಹಳೆಯ ಪುಸ್ತಕಗಳನ್ನೂ ಬಳಸಿದ್ದೇನೆ; ಅವುಗಳ ವಿವರ ಹೇಗೆ ಕೊಡಬೇಕು? ಪ್ರಕಟಣೆಯ ಸ್ಥಳವನ್ನು ‘ಬೆಂಗಳೂರು’ ಎಂಬುದರ ಹಳೆಯ ಇಂಗ್ಲಿಷ್ ರೂಪದಲ್ಲಿ ಕೊಡಬೇಕೆ, ಹೊಸ ರೂಪದಲ್ಲಿಯೆ? ಡಿಒಐ (ಪ್ರಕಟಣೆಗೆ ಕೊಡುವ ಶಾಶ್ವತ ಡಿಜಿಟಲ್ ಗುರುತುಸಂಖ್ಯೆ) ಎಲ್ಲದಕ್ಕೂ ಕಡ್ಡಾಯವೆ?

ಉತ್ತರ: ಸಂಶೋಧನ ಪತ್ರಿಕೆಯ ಪ್ರತಿ ಸಂಪಾದಕಿ

ನನ್ನ ಕೆಲಸವೇ ಇದಾದ್ದರಿಂದ ಸಂಪಾದಕೀಯ ವಿಭಾಗದ ಮೇಜಿನ ಈಚೆಯಿಂದ ಕೆಲವು ಮಾತುಗಳನ್ನು ಹೇಳುತ್ತೇನೆ.

‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು ಮೊದಲು ಪ್ರಕಟವಾದದ್ದು 1907, 1919 ಮತ್ತು 1929ರಲ್ಲಿ. ನೀವು ಓದಿದ್ದು ಮರುಮುದ್ರಣವಾಗಿದ್ದರೆ ಪುಟಸಂಖ್ಯೆ ಆ ಮರುಮುದ್ರಣದ್ದು, ಆದ್ದರಿಂದ ಅದರ ವರ್ಷವನ್ನು ಕೊಡಲೇಬೇಕು; ಆದರೆ ಅದನ್ನೊಂದೇ ಕೊಟ್ಟರೆ ಇಪ್ಪತ್ತನೆಯ ಶತಮಾನದ ಆರಂಭದ ವಿದ್ವತ್ತು ಹಲವು ದಶಕ ಈಚಿನದೆಂಬ ಭಾವನೆ ಓದುಗರಲ್ಲಿ ಬರುತ್ತದೆ. ಸಂಶೋಧನೆಯ ಚರಿತ್ರೆಯನ್ನು ಹೇಳುವ ಲೇಖನದಲ್ಲಿ ಇದು ಸಣ್ಣ ವಿಷಯವಲ್ಲ. ಶಿಕಾಗೊ ಕ್ರಮದಲ್ಲಿ ಮೂಲ ವರ್ಷವನ್ನು ಆವರಣದಲ್ಲಿ ಮೊದಲು ಹಾಕಿ ಅದರ ಮುಂದೆ ಮರುಮುದ್ರಣದ ವರ್ಷವನ್ನು ಹಾಕಬಹುದು. ಎಪಿಎ ಕ್ರಮದಲ್ಲಿ ಎರಡರ ನಡುವೆ ಓರೆಗೆರೆ ಬರುತ್ತದೆ. ಝೊಟೆರೊದಲ್ಲಿ ‘ಎಕ್ಸ್ಟ್ರಾ’ ಎಂಬ ಅಂಕಣದಲ್ಲಿ ಮೂಲ ದಿನಾಂಕವನ್ನು ನಮೂದಿಸುವ ಅವಕಾಶವಿದೆ. ಕನ್ನಡ ಪುಸ್ತಕಗಳಲ್ಲಿ ಹಿಂದಿನ ಮುದ್ರಣಗಳ ಪಟ್ಟಿ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಇರುತ್ತದೆ, ಅದನ್ನು ನೋಡಿ. ಪಠ್ಯ ಬದಲಾಗದ ಮರುಮುದ್ರಣವನ್ನು ಪರಿಷ್ಕೃತ ಆವೃತ್ತಿಯೆಂದು ಬರೆಯಬೇಡಿ.

ಸ್ಕ್ಯಾನ್ ಪುಸ್ತಕಗಳ ಬಗ್ಗೆ ನಾನು ಒತ್ತಿ ಹೇಳಬೇಕು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮೂಲಕ ಇಂಟರ್ನೆಟ್ ಆರ್ಕೈವ್‌ಗೆ ಬಂದಿರುವ ಕನ್ನಡ ಪುಸ್ತಕಗಳ ವಿವರಪಟ್ಟಿಯಲ್ಲಿ ಶೀರ್ಷಿಕೆ, ಲೇಖಕ, ವರ್ಷ ಇವು ಅನೇಕ ಕಡೆ ತಪ್ಪಾಗಿವೆ. ಬ್ರೌಸರಿನ ಒಂದು ಒತ್ತಿನಿಂದ ಆ ವಿವರಗಳು ತಂತ್ರಾಂಶಕ್ಕೆ ಇಳಿಯುತ್ತವೆ, ಅಲ್ಲಿಂದ ನೇರವಾಗಿ ಲೇಖನಕ್ಕೆ ಬರುತ್ತವೆ. ಯಾವಾಗಲೂ ಸ್ಕ್ಯಾನ್ ಆದ ಶೀರ್ಷಿಕೆ ಪುಟವನ್ನೇ ತೆರೆದು ಅಲ್ಲಿಂದ ವಿವರ ತೆಗೆದುಕೊಳ್ಳಿ. ಶೋಧಗಂಗಾದ ಪ್ರಬಂಧಕ್ಕೆ ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪಿಎಚ್‌ಡಿ ಪ್ರಬಂಧ ಎಂಬ ಸೂಚನೆ, ಪದವಿ ನೀಡಿದ ವಿಶ್ವವಿದ್ಯಾಲಯ, ಕೊನೆಯಲ್ಲಿ ಆ ಪುಟದಲ್ಲೇ ಕಾಣುವ 10603ರಿಂದ ಆರಂಭವಾಗುವ ಶಾಶ್ವತ ಕೊಂಡಿ, ಇಷ್ಟು ಸಾಕು. ಬ್ರೌಸರಿನ ವಿಳಾಸಪಟ್ಟಿಯಲ್ಲಿರುವ ಉದ್ದನೆಯ ವಿಳಾಸ ಬೇಡ.

ಡಿಒಐ ಇರುವ ಲೇಖನಕ್ಕೆ ಅದನ್ನು ಕೊಡಲೇಬೇಕು, ಪೂರ್ಣ ಜಾಲಕೊಂಡಿಯ ರೂಪದಲ್ಲಿ ಕೊಡಬೇಕು. ಇಲ್ಲದ ಪುಸ್ತಕಕ್ಕೆ ಹುಡುಕಿ ದಣಿಯಬೇಕಿಲ್ಲ. ನಾವು ಪ್ರಕಟಣೆಯ ವೇಳೆ ಗ್ರಂಥಸೂಚಿಯನ್ನು ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ಗೆ ಕಳುಹಿಸುತ್ತೇವೆ. ಅಲ್ಲಿ ಒಂದು ಲೇಖನ ಇನ್ನೊಂದಕ್ಕೆ ಜೋಡಣೆಯಾಗುವುದು ಮುಖ್ಯವಾಗಿ ಈ ಸಂಖ್ಯೆಯಿಂದಲೇ. ಸ್ಥಳದ ಹೆಸರನ್ನು ಶೀರ್ಷಿಕೆ ಪುಟದಲ್ಲಿ ಅಚ್ಚಾಗಿರುವಂತೆಯೇ ಉಳಿಸಿ. ರಾಜ್ಯದ ನಗರಗಳ ಇಂಗ್ಲಿಷ್ ಹೆಸರುಗಳು 2014ರಲ್ಲಿ ಅಧಿಕೃತವಾಗಿ ಬದಲಾದವು ಎಂದು 1923ರ ಪುಸ್ತಕದ ಮೇಲೆ ಹೊಸ ಹೆಸರು ಬರೆಯುವುದು ಸರಿಯಲ್ಲ. 2019ರ ಎಪಿಎ ಏಳನೆಯ ಆವೃತ್ತಿಯೂ 2024ರ ಶಿಕಾಗೊ ಹದಿನೆಂಟನೆಯ ಆವೃತ್ತಿಯೂ ಪುಸ್ತಕಗಳಿಗೆ ಪ್ರಕಟಣೆಯ ಸ್ಥಳವನ್ನು ಕಡ್ಡಾಯವಾಗಿ ಕೇಳುವುದಿಲ್ಲ. ನಿಮ್ಮ ಪತ್ರಿಕೆ ಯಾವ ಆವೃತ್ತಿಯನ್ನು ಪಾಲಿಸುತ್ತದೆಯೆಂದು ಅವರ ಲೇಖಕ ಸೂಚನೆಗಳಲ್ಲಿ ನೋಡಿ. ಪತ್ರಿಕೆಯದೇ ಸೂಚನೆ ಕೈಪಿಡಿಗಿಂತ ಭಿನ್ನವಾಗಿದ್ದರೆ ಪತ್ರಿಕೆಯ ಸೂಚನೆಯೇ ಅಂತಿಮ.

ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಗ್ರಂಥಸೂಚಿಯನ್ನು ಮಾಡಿಸಿಕೊಂಡು ಕಳುಹಿಸುವವರಿದ್ದಾರೆ. ಅಸ್ತಿತ್ವದಲ್ಲೇ ಇಲ್ಲದ ಲೇಖನಗಳು ನಿಜವಾದ ಲೇಖಕರ ಹೆಸರಿನಲ್ಲಿ, ನಂಬುವಂತಹ ಪುಟಸಂಖ್ಯೆಗಳೊಂದಿಗೆ ಅದರಲ್ಲಿ ಬರುತ್ತವೆ. ಕನ್ನಡದ ಆಕರಗಳಿಗೆ ಅಂತರ್ಜಾಲದಲ್ಲಿ ವಿವರ ಕಡಿಮೆ ಇರುವುದರಿಂದ ಅಪಾಯ ಇನ್ನೂ ಹೆಚ್ಚು. ನೀವು ಹಾಗೆ ಮಾಡಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಆಕರ ಸಿಗಲಿಲ್ಲವೆಂದು ಪರಿಶೀಲಕರು ಬರೆದಾಗ ಈಗ ಸಂಪಾದಕರ ಮನಸ್ಸಿಗೆ ಮೊದಲು ಬರುವ ಸಂಶಯ ಅದೇ ಆಗಿರುವುದರಿಂದ, ಪ್ರತಿ ಕನ್ನಡ ಆಕರವನ್ನೂ ಎಲ್ಲಿ ನೋಡಿದ್ದೀರಿ ಎಂಬುದನ್ನು ಮರುಸಲ್ಲಿಕೆಯ ಪತ್ರದಲ್ಲಿ ಎರಡು ಸಾಲಿನಲ್ಲಿ ತಿಳಿಸಿದರೆ ಒಳ್ಳೆಯದು.

ಉತ್ತರ: ಶಾಸನ ಅಧ್ಯಯನದ ಅಧ್ಯಾಪಕ

ಲಿಪ್ಯಂತರದ ಬಗ್ಗೆ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪತ್ರಿಕೆಯವರು ಅವಕಾಶ ಕೊಟ್ಟರೆ ಲಿಪ್ಯಂತರದ ಜೊತೆಗೆ ಕನ್ನಡ ಲಿಪಿಯನ್ನೂ ಕೊಡುವುದು ಅವಶ್ಯವೆಂದೇ ನನ್ನ ಅಭಿಪ್ರಾಯ. ಕನ್ನಡ ಓದುವ ಸಂಶೋಧಕರು ಗ್ರಂಥಾಲಯದ ಕಪಾಟಿನಲ್ಲಿ ಹುಡುಕುವುದು ಕನ್ನಡ ಹೆಸರನ್ನೇ. ಚುಕ್ಕೆ–ಗೆರೆಗಳು ಅಚ್ಚಿನಲ್ಲಿ ಕಳೆದುಹೋದರೆ ಳ, ಲ, ಣ, ನಗಳ ಭೇದವನ್ನು ಹಿಂದಕ್ಕೆ ಪಡೆಯುವ ದಾರಿಯೇ ಇರುವುದಿಲ್ಲ.

ಉತ್ತರ: ವಿಶ್ವವಿದ್ಯಾಲಯದ ಗ್ರಂಥಪಾಲಕಿ

ಸರ್ ಹೇಳಿದ್ದು ಸರಿ. ಪತ್ರಿಕೆ ಒಪ್ಪಿದರೆ ಎರಡೂ ಇರಲಿ, ಆದರೆ ಅಕಾರಾದಿಯನ್ನು ರೋಮನ್ ರೂಪಕ್ಕೇ ಮಾಡಿ. ಸಂಶೋಧನಾರ್ಥಿಗಳಿಗೆ ಕೊನೆಯದಾಗಿ ಒಂದು ಕಾರ್ಯಸೂಚನೆ: ಲೇಖನದೊಳಗಿನ ಪ್ರತಿ ಉಲ್ಲೇಖವೂ ಗ್ರಂಥಸೂಚಿಯಲ್ಲಿದೆಯೆ, ಗ್ರಂಥಸೂಚಿಯ ಪ್ರತಿ ನಮೂದೂ ಲೇಖನದಲ್ಲಿ ಬಳಕೆಯಾಗಿದೆಯೆ ಎಂದು ಅಚ್ಚು ಪ್ರತಿಯ ಮೇಲೆ ಪೆನ್ಸಿಲ್ ಹಿಡಿದು ಪರಿಶೀಲಿಸಿ. ಅದಾದ ಮೇಲೆ ಝೊಟೆರೊ ಕೊಂಡಿಗಳಿರುವ ವರ್ಡ್ ಕಡತದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಂಡು, ಇನ್ನೊಂದು ಪ್ರತಿಯಲ್ಲಿ ಕೊಂಡಿಗಳನ್ನು ಬಿಡಿಸಿ ಸಲ್ಲಿಸಿ. ಪರಿಶೀಲಕರು ಮತ್ತೆ ತಿದ್ದುಪಡಿ ಕೇಳಿದರೆ ಬೇಕಾಗುವುದು ಮೊದಲನೆಯ ಪ್ರತಿ.